ಹನ್ನೆರಡನೇ ತಿಂಗಳು

ವರ್ಷಕ್ಕೆ ಹನ್ನೆರಡು ತಿಂಗಳು ಎಂಬುದು ಶಾಲೆಯಲ್ಲಿ ಕಲಿತ ಲೆಕ್ಕ. ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಲು ಹೊರಡುವ ತನಕ ಅದು ಸರಿಯಾಗಿಯೇ ಇರುತ್ತದೆ. ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ ಮೀರಾರೋಡಿನಲ್ಲೋ ಸ್ಟೇಷನ್ ರಸ್ತೆಯ ಯಾವುದಾದರೊಂದು ಎಸ್ಟೇಟ್ ಏಜೆನ್ಸಿಯ ಮೆಟ್ಟಿಲು ಹತ್ತಿ ಕೂತಿರೋ, ಅಲ್ಲಿಂದಾಚೆ ವರ್ಷಕ್ಕೆ ಹನ್ನೊಂದೇ. ಹನ್ನೆರಡನೆಯದು ಎಲ್ಲಿ ಹೋಯಿತೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಮಾಲೀಕರಿಗೆ, ಒಂದು ತಿಂಗಳ ಬಾಡಿಗೆ ಏಜೆಂಟರ ದಲ್ಲಾಳಿಗೆ. ಕೊಟ್ಟದ್ದು ಹನ್ನೆರಡು, ಇದ್ದದ್ದು ಹನ್ನೊಂದು. ಪಂಚಾಂಗದವರು ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ. ಏಜೆಂಟರು ವರ್ಷ ವರ್ಷವೂ ಒಂದು ಮಾಸ ಕಿಸೆಗೆ ಹಾಕಿಕೊಳ್ಳುತ್ತಾರೆ.

ಅಂಗಡಿ ಅಂದರೆ ಹತ್ತಡಿ ಅಗಲ, ಹತ್ತಡಿ ಉದ್ದದ ಒಂದು ಗಾಳಾ. ಗಾಜಿನ ಬಾಗಿಲಿನ ತುಂಬ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿಗಳು: 'ಒನ್ ಆರ್‌ಕೆ, ಸ್ಟೇಷನ್ 5 ನಿಮಿಷ', 'ಒನ್ ಬಿಎಚ್‌ಕೆ, ಹೆವಿ ಡಿಪಾಸಿಟ್', 'ಫ್ಯಾಮಿಲಿ ಮಾತ್ರ'. ಒಳಗೆ ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಏಜೆಂಟರು ನಮ್ಮ ಕಡೆಯವರಾದರೆ ಕಟೀಲಮ್ಮನದೋ ಮಂಜುನಾಥಸ್ವಾಮಿಯದೋ ಪಟ, ಪಕ್ಕದಲ್ಲಿ ಊರಿನ ಸಹಕಾರಿ ಬ್ಯಾಂಕಿನ ಕ್ಯಾಲೆಂಡರ್. ಒಂದು ಫೋನಿನಲ್ಲಿ ತುಳು, ಇನ್ನೊಂದರಲ್ಲಿ ಮರಾಠಿ, ಎದುರು ಕೂತವರ ಜೊತೆ ಕನ್ನಡ, ಚಹಾದ ಹುಡುಗನಿಗೆ ಹಿಂದಿ. ನಾಲ್ಕೂ ಭಾಷೆಯಲ್ಲಿ ಗಿರಾಕಿಗೆ ಇರುವುದು ಒಂದೇ ಹೆಸರು: 'ಪಾರ್ಟಿ'.

ಗೋಡೆಯಲ್ಲಿ ಮೊಳೆ ಹೊಡೆದ ಹಲಗೆ, ಅದರ ತುಂಬ ಕೀಲಿಕೈ, ಒಂದೊಂದಕ್ಕೂ ವಿಂಗ್ ಮತ್ತು ಫ್ಲ್ಯಾಟ್ ಸಂಖ್ಯೆ ಬರೆದ ರಟ್ಟಿನ ತುಂಡು. ಹೊಸ ಪಾರ್ಟಿಗೆ ಮೊದಲು ತೋರಿಸುವ ಮನೆಗಳು ಈ ಹಲಗೆಯವು. ಅವು ಒಳ್ಳೆಯ ಮನೆಗಳೆಂದಲ್ಲ, ಕೀಲಿ ಕೈಗೆ ಸಿಗುತ್ತದೆಂದು. ಬಹಳ ದಿನದಿಂದ ಹಲಗೆಯ ಮೇಲೇ ತೂಗುತ್ತಿರುವ ಕೀಲಿಗೆ ಏನೋ ಒಂದು ಕಾರಣ ಇರುತ್ತದೆ. ಆದ್ದರಿಂದ ಎರಡು ಮನೆ ನೋಡಿದ ಮೇಲೆ "ಕೀಲಿ ನಿಮ್ಮ ಹತ್ತಿರ ಇಲ್ಲದ್ದು ಯಾವುದುಂಟು?" ಎಂದು ಕೇಳುವುದು ಜಾಣತನ. ಆಗ ಅವರು ಪಕ್ಕದ ಗಲ್ಲಿಯ ಏಜೆಂಟರಿಗೆ ಫೋನ್ ಹಚ್ಚಿ 'ಸೈಡ್ ಬೈ ಸೈಡ್' ಎನ್ನುತ್ತಾರೆ. ಅಂದರೆ ನಿಮ್ಮ ದಲ್ಲಾಳಿ ಇವರಿಗೆ, ಮಾಲೀಕರದ್ದು ಅವರಿಗೆ. ಎರಡೂ ಕಡೆಯಿಂದ ಬರಬೇಕಾದದ್ದು ಒಂದು ಕಡೆಗೆ ಇಳಿಯುವುದರಿಂದ ಆ ಫೋನು ಸ್ವಲ್ಪ ತಡವಾಗಿಯೇ ಹೋಗುತ್ತದೆ.

ತಿಂಗಳನ್ನು ಹಿಗ್ಗಿಸಿ ಕುಗ್ಗಿಸಬಲ್ಲವರಿಗೆ ನಿಮಿಷ ಯಾವ ಲೆಕ್ಕ! 'ಸ್ಟೇಷನ್ 5 ನಿಮಿಷ' ಎಂಬುದನ್ನು ಅಳೆದದ್ದು ಮಳೆಯಿಲ್ಲದ ಭಾನುವಾರ ಮಧ್ಯಾಹ್ನ, ಪ್ಲಾಟ್‌ಫಾರ್ಮಿನ ತೀರ ಹತ್ತಿರದ ತುದಿಯಿಂದ. ಮನೆ ಒಪ್ಪುವ ಮೊದಲು ವಾರದ ದಿನ ಸಂಜೆ ಏಳರ ಸುಮಾರಿಗೆ, ನೀವು ನಿಜವಾಗಿ ಇಳಿಯುವ ಡಬ್ಬದಿಂದ ಇಳಿದು, ಬ್ರಿಜ್ ಹತ್ತಿ ದಾಟಿ, ತರಕಾರಿಯವರ ನಡುವೆ ನುಸುಳಿ ಒಮ್ಮೆ ನಡೆದುನೋಡಿ. ಹದಿನೈದರ ಒಳಗೆ ಮುಟ್ಟಿದರೆ ಏಜೆಂಟರು ಪ್ರಾಮಾಣಿಕರು. ಮನೆಯ ಅಳತೆಯೂ ಹೀಗೆಯೇ. ಬಾಯಲ್ಲಿ ಹೇಳುವ 'ಐನೂರೈವತ್ತು' ಎಂಬುದು ಗೋಡೆ, ಮೆಟ್ಟಿಲು, ಲಿಫ್ಟಿನ ಪಾಲು ಎಲ್ಲ ಸೇರಿದ ಅಂಕಿ. ಟೇಪು ತರದಿದ್ದರೆ ನೆಲ ನೋಡಿ. ಎರಡಡಿಯ ಚೌಕ ಟೈಲ್ಸ್ ಹಾಕಿದ್ದರೆ ಒಂದೊಂದು ಟೈಲ್ಸ್ ನಾಲ್ಕು ಚದರಡಿ. ಉದ್ದಕ್ಕೆಷ್ಟು, ಅಗಲಕ್ಕೆಷ್ಟು ಎಂದು ಎಣಿಸಿ ಗುಣಿಸಿದರೆ ಕಾರ್ಪೆಟ್ ಏರಿಯಾ ಸುಮಾರಾಗಿ ಕೈಗೆ ಬಂತು. ಹೊಸದಾಗಿ ಬಣ್ಣ ಬಳಿದ ಮನೆಗೆ ಹೆದರಬೇಕಿಲ್ಲ; ಚಾವಣಿಯ ಒಂದೇ ಮೂಲೆಗೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ ಹೆದರಬೇಕು. ಮೇಲಿನ ಮನೆಯ ಬಚ್ಚಲು ಅದರ ಹಿಂದಿದೆ.

ಇನ್ನು ಏಜೆಂಟರು ಪಾರ್ಟಿಯನ್ನು ಅಳೆಯುವ ಬಗೆ. "ಊರು ಯಾವುದು?" ಎಂದು ಕೇಳಿದರೆ ಊರಿನ ಮೇಲಿನ ಪ್ರೀತಿ ಎಂದು ತಿಳಿದು ಹಿಗ್ಗುವುದು ಬೇಡ. ಮಾಲೀಕರ ಮನಸ್ಸಿನ ಪ್ರಶ್ನೆ "ಮೀನು ಬೇಯಿಸ್ತಾರಾ?" ಎಂಬುದು. ಅದನ್ನು ನೇರ ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ಊರಿನ ದಾರಿಯಲ್ಲಿ ಸುತ್ತಿ ಬರುತ್ತಾರೆ. ಧಾರವಾಡ ಎಂದರೆ ಇನ್ನೊಂದು ಪ್ರಶ್ನೆ, ಕಲಬುರಗಿ ಎಂದರೆ ಎರಡು. ಉಡುಪಿ ಎಂದುಬಿಟ್ಟರೆ ಮಾತ್ರ ಅವರಿಗೆ ಏನೂ ಗೊತ್ತಾಗುವುದಿಲ್ಲ. ಉಡುಪಿ ಎಂದರೆ ಈ ಶಹರದವರಿಗೆ ಇಡ್ಲಿ ಸಾಂಬಾರು. ಆ ಹೋಟೆಲು ನಡೆಸುವವರ ಮನೆಯಲ್ಲಿ ಬಂಗುಡೆ ಪುಳಿಮುಂಚಿ ಕುದಿಯಬಾರದೆಂದು ಯಾವ ಶಾಸ್ತ್ರವೂ ಇಲ್ಲ. ಎಂಟು ಜನ ಹೋಟೆಲು ಹುಡುಗರಿಗೆ ಒಂದು ಕೋಣೆ ಬೇಕೆಂದು ಹೋದವರಿಗೆ ಇದೆಲ್ಲಕ್ಕಿಂತ ಮೊದಲೇ 'ಸೊಸೈಟಿ ಒಪ್ಪುವುದಿಲ್ಲ' ಎಂಬ ಉತ್ತರ ಕಾದಿರುತ್ತದೆ. ಸೊಸೈಟಿ ಅಂದರೆ ಆ ಕಟ್ಟಡದ ಮನೆ ಮಾಲೀಕರ ಸಹಕಾರಿ ಸಂಘ. ದೋಸೆಯನ್ನು ಇಡೀ ಸೊಸೈಟಿ ತಿನ್ನುತ್ತದೆ, ಹುಯ್ಯುವವರಿಗೆ ಜಾಗವಿಲ್ಲ.

ಮನೆ ಒಪ್ಪಿಗೆಯಾಯಿತೆನ್ನಿ. ಈಗ ಕಾಗದ. ಅದರ ಹೆಸರು 'ಲೀವ್ ಆ್ಯಂಡ್ ಲೈಸೆನ್ಸ್'. ಈ ಲೀವ್ ರಜೆಯಲ್ಲ, ಅಪ್ಪಣೆ. ನೀವು ಬಾಡಿಗೆದಾರರೂ ಅಲ್ಲ, ಇಷ್ಟು ತಿಂಗಳು ಈ ಗೋಡೆಗಳ ನಡುವೆ ಅಡುಗೆ ಮಾಡಿ ಮಲಗಲು ಪರವಾನಗಿ ಪಡೆದವರು. ಇಷ್ಟು ನಯವಾದ ಮಾತಿನ ಹಿಂದೆ ಒಂದು ಹಳೆಯ ಭಯ ಇದೆ. 1947ರ ಮುಂಬಯಿ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಕಟ್ಟಿಹಾಕಿತ್ತು; ಒಳಹೊಕ್ಕ ಬಾಡಿಗೆದಾರರನ್ನು ಎಬ್ಬಿಸುವುದು ಮಾಲೀಕರ ಕೈಯಲ್ಲಿರಲಿಲ್ಲ. ಅದರಿಂದ ತಪ್ಪಿಸಿಕೊಳ್ಳಲು ಅವರು ಪರವಾನಗಿಯ ದಾರಿ ಹಿಡಿದರು. ಸರ್ಕಾರ ಕಾಯ್ದೆ ತಿದ್ದಿ, 1973ರ ಫೆಬ್ರವರಿ 1ರಂದು ಒಳಗಿದ್ದ ಪರವಾನಗಿದಾರರನ್ನೆಲ್ಲ ಬಾಡಿಗೆದಾರರೆಂದೇ ಎಣಿಸಿತು. ಬೀಗ ಹಾಕಿಟ್ಟರೂ ಸರಿ, ಬಾಡಿಗೆಗೆ ಕೊಡೆ ಎನ್ನುವ ಅಜ್ಜಿಯರು ಈ ಶಹರದಲ್ಲಿ ಸುಮ್ಮನೆ ಹುಟ್ಟಿಕೊಂಡವರಲ್ಲ.

ಹನ್ನೊಂದರ ಕಥೆ ಬೇರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಕರಾರು ನೋಂದಣಿ ಆಗಲೇಬೇಕು. ಒಂದು ತಿಂಗಳು ಕಡಿಮೆ ಬರೆದರೆ ಖರ್ಚೂ ಇಲ್ಲ, ಕಚೇರಿಯ ಸಾಲೂ ಇಲ್ಲ. ಯಾರೋ ಪುಣ್ಯಾತ್ಮರಿಗೆ ಹೊಳೆದ ಉಪಾಯ ದೇಶಕ್ಕೆಲ್ಲ ಹಬ್ಬಿತು. ಆದರೆ ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂದು ಆ ಉಪಾಯದ ಬುಡವನ್ನೇ ಕಿತ್ತಿತು. ಅದರ 55ನೇ ಕಲಮಿನ ಪ್ರಕಾರ ಹನ್ನೊಂದಲ್ಲ, ಒಂದೇ ತಿಂಗಳಾದರೂ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಜವಾಬ್ದಾರಿ ಮಾಲೀಕರದ್ದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೇಲಾಗಿ, ತಕರಾರು ಬಂದರೆ ಬಾಡಿಗೆ ಎಷ್ಟು, ಷರತ್ತು ಏನು ಎಂಬುದರಲ್ಲಿ ಒಳಗಿದ್ದವರ ಮಾತೇ ನಡೆಯುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ಮಾಲೀಕರ ತಲೆಗೆ. ಕಾರಣ ಸತ್ತು ಕಾಲು ಶತಮಾನವಾಯಿತು. ಹನ್ನೊಂದು ಮಾತ್ರ ಗಟ್ಟಿಮುಟ್ಟಾಗಿದೆ.

ನೋಂದಣಿಗೆ ಎಷ್ಟು ಖರ್ಚು, ಲೆಕ್ಕ ಹಾಕಿ ನೋಡೋಣ. ಬಾಡಿಗೆ 25,000, ಡಿಪಾಸಿಟ್ 1,00,000. (ಬೆಂಗಳೂರಿನಲ್ಲಿ ಹತ್ತು ತಿಂಗಳ 'ಅಡ್ವಾನ್ಸ್' ಕೊಟ್ಟು ಬಂದವರಿಗೆ ಇಷ್ಟೇನಾ ಅನ್ನಿಸುವುದುಂಟು. ಹಾಗೆ ಬಾಯಿ ಬಿಟ್ಟು ಹೇಳಬಾರದು.) ಹನ್ನೊಂದು ತಿಂಗಳ ಬಾಡಿಗೆ 2,75,000. ಡಿಪಾಸಿಟ್ಟಿಗೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಹಿಡಿದರೆ 9,167. ಒಟ್ಟು ಮೊತ್ತದ ಶೇ. 0.25 ಮುದ್ರಾಂಕ ಶುಲ್ಕ: ಸುಮಾರು 710 ರೂಪಾಯಿ. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಇದನ್ನೇ 33 ತಿಂಗಳಿಗೆ ಬರೆದರೆ ಮುದ್ರಾಂಕ ಸುಮಾರು 2,130, ಅಂದರೆ ಮೂರು ಸಲ ಕಟ್ಟುವಷ್ಟೇ. ನೋಂದಣಿ ಮಾತ್ರ ಒಂದೇ 1,000. ಉಳಿತಾಯ ಸರ್ಕಾರದ ಕಡೆಯಿಂದ ಎರಡು ಸಾವಿರ. ಏಜೆಂಟರ ಕಾಗದದ ಖರ್ಚು ಎರಡು ಸಲದ್ದು, ಮತ್ತೆ ಅವರು ನವೀಕರಣಕ್ಕೆಂದು ಕೇಳುವ ಅರ್ಧ ತಿಂಗಳ ದಲ್ಲಾಳಿ ಎರಡು ಸಲದ್ದು ಬೇರೆ. ಬಾಡಿಗೆ ಏರಿಸಬೇಕಲ್ಲ ಎಂದು ಮಾಲೀಕರು ತಲೆ ಕೆರೆದರೆ ಅದಕ್ಕೂ ದಾರಿಯಿದೆ. ಮೊದಲ ಹನ್ನೊಂದಕ್ಕೆ ಇಷ್ಟು, ಮುಂದಿನ ಹನ್ನೊಂದಕ್ಕೆ ಶೇ. 5 ಹೆಚ್ಚು ಎಂದು ಒಂದೇ ಕಾಗದದಲ್ಲಿ ಬರೆಯಬಹುದು. ಮೂವತ್ತಮೂರು ಕೂಡ ಹನ್ನೊಂದರ ಮಗ್ಗಿಯಲ್ಲೇ ಬರುತ್ತದೆ ಎಂಬುದನ್ನು ಗಮನಿಸಿ. ಮೂವತ್ತಾರು ಬರೆದರೆ ಕಾನೂನು ಬೇಡವೆನ್ನುವುದಿಲ್ಲ. ಆದರೂ ಯಾರ ಪೆನ್ನೂ ಓಡುವುದಿಲ್ಲ.

ಹನ್ನೊಂದರ ನಿಜವಾದ ಕಿತಾಪತಿ ದುಡ್ಡಿನದಲ್ಲ, ಅದು ಹಿಂದಕ್ಕೆ ಜಾರುತ್ತದೆ. ಜೂನ್ 1ಕ್ಕೆ, ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ ಹೊಕ್ಕಿರಿ. ಮೊದಲ ಕರಾರು ಮುಗಿಯುವುದು ಏಪ್ರಿಲ್ 30ಕ್ಕೆ. ಎರಡನೆಯದು ಮಾರ್ಚ್ 31ಕ್ಕೆ. ಮೂರನೆಯದು ಫೆಬ್ರವರಿ ಕೊನೆಗೆ, ಮಗ ಹತ್ತನೆಯ ಪರೀಕ್ಷೆಗೆ ಕೂತಿರುವಾಗ. ಎಂಟನೆಯದು ಸೆಪ್ಟೆಂಬರ್ 30ಕ್ಕೆ. ಹಲವು ವರ್ಷ ಅದು ಪಿತೃಪಕ್ಷದ ಆಸುಪಾಸು, ಹಾಲು ಉಕ್ಕಿಸಲು ಹಿರಿಯರು ಒಪ್ಪುವುದಿಲ್ಲ, ಏಜೆಂಟರೂ ಬೋಣಿಗೆಯಿಲ್ಲದೆ ನೊಣ ಹೊಡೆಯುತ್ತಿರುತ್ತಾರೆ. (ಬಾಡಿಗೆ ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಹದಿನೈದು ದಿನ ಇಲ್ಲ.) ಹತ್ತನೆಯದು ಜುಲೈ 31ಕ್ಕೆ; ಗೋದ್ರೇಜ್ ಕಪಾಟು, ಹಾಸಿಗೆ, ಅಕ್ಕಿ ಡಬ್ಬ ಎಲ್ಲ ಸುರಿವ ಮಳೆಯಲ್ಲಿ ಟೆಂಪೊ ಹತ್ತಬೇಕು. ಹನ್ನೆರಡು ಕರಾರು ಮುಗಿಯುವಾಗ ಸರಿಯಾಗಿ ಹನ್ನೊಂದು ವರ್ಷ. ಹದಿಮೂರನೆಯದು ಮತ್ತೆ ಜೂನ್ 1ಕ್ಕೇ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಮಗನಿಗೆ ಶಾಲೆ ಮುಗಿದಿರುತ್ತದೆ.

ಈಗ ನೋಂದಣಿಗೆ ಕಚೇರಿಗೆ ಅಲೆಯಬೇಕಿಲ್ಲ. ಏಜೆಂಟರ ಹುಡುಗ ಲ್ಯಾಪ್‌ಟಾಪ್, ಕ್ಯಾಮರಾ, ಬೆರಳಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ. ಆಧಾರ್, ಪ್ಯಾನ್, ಮಾಲೀಕರ ಇಂಡೆಕ್ಸ್ ಟೂ (ಮನೆ ಅವರದ್ದೆಂದು ತೋರಿಸುವ ನೋಂದಣಿ ಕಚೇರಿಯ ಕಾಗದ) ಅಥವಾ ಲೈಟ್ ಬಿಲ್ಲು ಎದುರಿಗಿರಬೇಕು. ಹೆಸರಿನ ಕಾಗುಣಿತ ಆಧಾರಿನಲ್ಲೊಂದು, ಪ್ಯಾನಿನಲ್ಲೊಂದು ಇದ್ದರೆ ಅಲ್ಲೇ ಒಂದು ಚಹಾದ ವಿರಾಮ. ದೊಡ್ಡ ವಿಘ್ನ ಬೆರಳಿನದು. ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತವರ, ಪಾತ್ರೆ ತಿಕ್ಕಿ ತಿಕ್ಕಿ ರೇಖೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಕೈ ತೊಳೆದು ಚೆನ್ನಾಗಿ ಒರೆಸಬೇಕು. ಚರ್ಮ ಒಣಗಿದ್ದರೆ ಒಂಚೂರು ಎಣ್ಣೆ ಸವರಿ ಮತ್ತೆ ಒರೆಸಬೇಕು. ಯಂತ್ರದ ಗಾಜನ್ನೂ ಒರೆಸಬೇಕು. ಹೆಬ್ಬೆಟ್ಟಾಗದಿದ್ದರೆ ತೋರುಬೆರಳು, ಅದೂ ಆಗದಿದ್ದರೆ ಎಡಗೈ. ಕಾಗದ ಕೈಗೆ ಬಂದ ಮೇಲೆ ಒಂದು ಪ್ರತಿ ಸೊಸೈಟಿಗೆ, ಬಾಡಿಗೆದಾರರ ವಿವರ ಪೊಲೀಸ್ ಠಾಣೆಗೆ. ತಾವೇ ವಾಸ ಮಾಡದೆ ಬಾಡಿಗೆಗೆ ಕೊಟ್ಟದ್ದಕ್ಕೆ ಸೊಸೈಟಿ ಮಾಲೀಕರಿಂದ 'ನಾನ್ ಆಕ್ಯುಪೆನ್ಸಿ' ಎಂದು ವಸೂಲು ಮಾಡುವುದು ಸೇವಾ ಶುಲ್ಕದ ಶೇ. 10 ಮೀರುವಂತಿಲ್ಲ. ಅದನ್ನು ನಿಮ್ಮ ತಲೆಗೆ ಕಟ್ಟಲು ಬಂದರೆ ಕರಾರು ಓದಿ ಹೇಳಿ.

ಹನ್ನೆರಡನೇ ತಿಂಗಳನ್ನು ಕಿಸೆಯಿಂದ ಕೊಡದವರೂ ಇದ್ದಾರೆ. ಹಳೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದರೆ ಹೊಸದು ಏಳುವ ತನಕದ ಬಾಡಿಗೆ, ಟೆಂಪೊ ಖರ್ಚು, ದಲ್ಲಾಳಿ ಎಲ್ಲವನ್ನೂ ಬಿಲ್ಡರ್ ಕೊಡುವುದು ರೂಢಿ. ಅಂಥ ಕಟ್ಟಡದ ನಲವತ್ತು ಮನೆಯವರು ಒಂದೇ ವಾರ ಕೈಯಲ್ಲಿ ಚೆಕ್ಕು ಹಿಡಿದು, ಮಕ್ಕಳ ಶಾಲೆ ತಪ್ಪಬಾರದು, ಶನಿವಾರದ ಭಜನೆ ತಪ್ಪಬಾರದು ಎಂದು ಅದೇ ಗಲ್ಲಿಯಲ್ಲಿ ಮನೆ ಹುಡುಕುತ್ತಾರೆ. ಏಜೆಂಟರಿಗೆ ಅದು ದೀಪಾವಳಿ. ಸ್ವಂತ ಸಂಬಳದಲ್ಲಿ ಅಲ್ಲೇ ಬಾಡಿಗೆಗಿದ್ದವರು ಮಾತ್ರ ಆ ವರ್ಷ ಒಂದು ಸ್ಟೇಷನ್ ಆಚೆ ಸರಿಯುತ್ತಾರೆ.

ಬಿಡುವಾಗಿನ ಜಗಳ ಹೊಗುವಾಗಲೇ ತಪ್ಪಿಸಬೇಕು. ಫ್ಯಾನು ಎಷ್ಟು, ಗೀಸರ್ ಇದೆಯೇ, ಯಾವ ನಲ್ಲಿ ಸೋರುತ್ತದೆ, ಯಾವ ಗೋಡೆ ಬಿರಿದಿದೆ ಎಲ್ಲ ಪಟ್ಟಿ ಮಾಡಿ ಕರಾರಿಗೆ ಸೇರಿಸಿ, ಫೋಟೊ ತೆಗೆದು ಏಜೆಂಟರಿಗೂ ಮಾಲೀಕರಿಗೂ ಅದೇ ದಿನ ಕಳಿಸಿದರೆ 'ಪೇಂಟಿಂಗ್ ಖರ್ಚು' ಎಂಬ ಮಾತು ಅರ್ಧಕ್ಕರ್ಧ ಸಣ್ಣದಾಗುತ್ತದೆ. ಮೀಟರಿನ ರೀಡಿಂಗ್ ಎರಡೂ ಸಲ ಬರೆದಿಡಬೇಕು. ಕೀಲಿ ಕೊಡುವ ಕೈಗೇ ಡಿಪಾಸಿಟ್ ಬರಬೇಕು. 'ಹದಿನೈದು ದಿನ ಬಿಟ್ಟು ಕೊಡುತ್ತೇವೆ' ಎನ್ನುವ ಹದಿನೈದು ದಿನ ಏಜೆಂಟರ ಐದು ನಿಮಿಷಕ್ಕೆ ಸಮ. ಅವಧಿ ಮುಗಿದ ಮೇಲೂ ಕರಾರಿಲ್ಲದೆ ಕೂತರೆ ಅದೇ 1999ರ ಕಾಯ್ದೆಯ 24ನೇ ಕಲಮು ನಿಮ್ಮ ಕಡೆಗೆ ತಿರುಗುತ್ತದೆ; ಬಾಡಿಗೆಯ ಎರಡುಪಟ್ಟು ತೆರಬೇಕಾಗುತ್ತದೆ. ಕಾಣೆಯಾದ ಹನ್ನೆರಡನೇ ತಿಂಗಳಲ್ಲಿ ಬಲವಂತವಾಗಿ ವಾಸ ಮಾಡಿದ್ದಕ್ಕೆ ಅಷ್ಟು ಬೆಲೆ.

ನೋಟಿಸಿಗೆ ಒಂದು ತಿಂಗಳು ಎಂದು ಕರಾರಿನಲ್ಲಿ ಇರುವುದರಿಂದ ಹನ್ನೊಂದು ಕೂಡ ಪೂರ್ತಿ ನಿಮ್ಮದಲ್ಲ. ಊರಿನ ಬ್ಯಾಂಕಿನ ಆ ಕ್ಯಾಲೆಂಡರಿನಲ್ಲಿ ಏಜೆಂಟರು ಪ್ರತಿ ಪಾರ್ಟಿಯ ತಾರೀಕಿಗೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿರುತ್ತಾರೆ. ಹತ್ತನೇ ತಿಂಗಳು ಮುಗಿಯುವ ಸಂಜೆ, ನೀವು ಲೋಕಲಿನಲ್ಲಿ ಕಂಬಿ ಹಿಡಿದು ನಿಂತಿರುವಾಗ ಫೋನ್ ಬರುತ್ತದೆ: "ಎಂಥ ಮಾರಾಯ್ರೆ, ಮುಂದುವರಿಸುವುದಾ, ಬೇರೆ ತೋರಿಸುವುದಾ?"