ಸಾಫ್ಟ್‌ವೇರ್ ಆಮೇಲೆ ತಗೊಳಿ, ಮೊದ್ಲು ಕಡತದ ಲೆಕ್ಕ ಹಾಕಿ

ಹೋದ ವಾರ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ಸಂಸ್ಥೇಲಿ ಹಳೇ ಫೈಲು, ಒಪ್ಪಂದ, ನಕ್ಷೆ, ಈಮೇಲು ಎಲ್ಲಾ ಒಂದೇ ಕಡೆ ಇಡೋ ದೊಡ್ಡ ವ್ಯವಸ್ಥೆ ತರ್ತಿದಾರಂತೆ, ಹದಿನೈದು ವರ್ಷಕ್ಕೆ ಪ್ಲಾನು, ಯಾವ ಸಾಫ್ಟ್‌ವೇರ್ ತಗೊಳೋದು ಹೇಳು ಅಂದ. ಈ ಕೆಲ್ಸಕ್ಕೆ ಕೈ ಹಾಕೋರೆಲ್ಲ ಮೊದ್ಲು ಕೇಳೋದು ಇದನ್ನೇ, ಆದ್ರೆ ನನ್ ಪ್ರಕಾರ ಇದು ಕೊನೇಲಿ ಕೇಳ್ಬೇಕಾದ್ದು.

ನಾನು ಹಿಂದೆ ಇದ್ದ ಒಂದು ಸಂಸ್ಥೇಲಿ ನಡೆದಿದ್ದು ಹೇಳ್ತೀನಿ. ರಿಟೈರ್ ಆದ ಹಿರಿಯರೊಬ್ರು ಪೆನ್ಷನ್ ವಿಚಾರಕ್ಕೆ ತಮ್ಮ ಸೇವಾ ಪುಸ್ತಕದ ನಕಲು ಕೇಳ್ಕೊಂಡು ಬಂದ್ರು. ಪುಸ್ತಕ ಸ್ಕ್ಯಾನ್ ಆಗಿತ್ತು, ಅದ್ರಲ್ಲಿ ಅನುಮಾನ ಇಲ್ಲ, ಆದ್ರೆ ಸ್ಕ್ಯಾನ್ ಮಾಡ್ದೋರು ಪುಟಗಳಿಗೆ ಬರೀ ನಂಬರ್ ಕೊಟ್ಟಿದ್ರು, ಯಾವ ನಂಬರ್ ಯಾರ ಪುಸ್ತಕ ಅನ್ನೋ ಪಟ್ಟಿ ಹಳೇ ವೆಂಡರ್‌ನ ಡೇಟಾಬೇಸಲ್ಲಿತ್ತು, ಹೊಸ ಸಾಫ್ಟ್‌ವೇರಿಗೆ ಬದಲಾದಾಗ ಫೋಟೋಗಳು ಮಾತ್ರ ಬಂದ್ವು, ಪಟ್ಟಿ ಬರ್ಲಿಲ್ಲ. "ಮೂವತ್ತೊಂದು ವರ್ಷ ದುಡಿದಿದ್ದೀನಿ ಸರ್, ಒಂದು ಪುಸ್ತಕ ಸಿಗಲ್ವಾ?" ಅಂದ್ರು. ಹನ್ನೊಂದು ದಿನ ಇಬ್ರು ಕೂತು ಒಂದೊಂದೇ ಚಿತ್ರ ತೆಗೆದು ನೋಡಿ ಹುಡುಕಿದ್ವಿ. ಆ ಮನುಷ್ಯ ಬಾಗಿಲ ಹತ್ರ ಬೆಂಚಲ್ಲಿ ಕೂತಿರ್ತಿದ್ದಿದ್ದು ಇವತ್ತಿಗೂ ಮರೆತಿಲ್ಲ.

ಸಾಫ್ಟ್‌ವೇರ್ ಬದಲಾಗೇ ಆಗತ್ತೆ, ಅದ್ರ ಮಾಲೀಕರೂ ಬದಲಾಗ್ತಾರೆ. ಕಡತ ಇಡೋ ಸಾಫ್ಟ್‌ವೇರುಗಳನ್ನೇ ನೋಡಿ, ಡಾಕ್ಯುಮೆಂಟಮ್ 1990ರಲ್ಲಿ ಶುರುವಾಗಿದ್ದು, 2003ರಲ್ಲಿ ಇಎಂಸಿ ಕೈಗೆ ಹೋಯ್ತು, ಇಎಂಸಿನ 2016ರಲ್ಲಿ ಡೆಲ್ ತಗೊಂಡ್ತು, ಮರುವರ್ಷವೇ ಅದು ಓಪನ್‌ಟೆಕ್ಸ್ಟ್ ಪಾಲಾಯ್ತು. ಫೈಲ್‌ನೆಟ್ 2006ರಲ್ಲಿ ಐಬಿಎಂ ಸೇರ್ತು, ಆಲ್ಫ್ರೆಸ್ಕೋ 2020ರಲ್ಲಿ ಹೈಲ್ಯಾಂಡಿಗೆ. ಇವೆಲ್ಲ ಒಳ್ಳೇ ಸಾಫ್ಟ್‌ವೇರ್‌ಗಳೇ. ಆದ್ರೆ ಒಬ್ಬ ನೌಕರನ ಫೈಲು ಮೂವತ್ತು ನಲವತ್ತು ವರ್ಷ ಬದುಕ್ಬೇಕು, ಜಮೀನಿನ ಕಾಗದ ಅದಕ್ಕಿಂತ ಜಾಸ್ತಿ. ಹಾಗಾಗಿ ಒಂದು ಕಡತ ತನ್ನ ಆಯಸ್ಸಲ್ಲಿ ಮೂರು ನಾಲ್ಕು ಸಾಫ್ಟ್‌ವೇರ್ ದಾಟ್ಬೇಕಾಗತ್ತೆ ಅಂದ್ಕೊಂಡೇ ಪ್ಲಾನ್ ಮಾಡ್ಬೇಕು.

ಯಾವ್ದು ಎಷ್ಟು ವರ್ಷ ಇಡ್ಬೇಕು ಅನ್ನೋದು ಮೊದ್ಲು ತೀರ್ಮಾನ ಆಗ್ಲಿ. ನಮ್ಮ ಸರ್ಕಾರಿ ರೆಕಾರ್ಡ್ ರೂಮಲ್ಲಿ ಇದು ಹೊಸದೇನಲ್ಲ, ಎ ವರ್ಗ ಅಂದ್ರೆ ಶಾಶ್ವತ, ಬಿ, ಸಿ ಅಂತ ಕೆಳಗೆ ಹೋದ ಹಾಗೆ ವರ್ಷ ಕಮ್ಮಿ. ಕಂಪನಿಗಳಿಗೂ ಕಾನೂನಿದೆ, ಲೆಕ್ಕದ ಪುಸ್ತಕಗಳನ್ನ ಕನಿಷ್ಠ 8 ವರ್ಷ ಇಡ್ಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳತ್ತೆ. ಇನ್ನೊಂದ್ ಕಡೆ 2023ರ ಡೇಟಾ ರಕ್ಷಣೆ ಕಾಯ್ದೆ, ಜನರ ವೈಯಕ್ತಿಕ ಮಾಹಿತಿ ತಗೊಂಡ ಉದ್ದೇಶ ಮುಗಿದ್ಮೇಲೆ, ಬೇರೆ ಕಾನೂನು ಇಟ್ಕೋ ಅನ್ನದೇ ಇದ್ರೆ, ಅಳಿಸು ಅನ್ನತ್ತೆ. ಎಲ್ಲಾ ಇರ್ಲಿ ಬಿಡು ಅನ್ನೋ ಅಭ್ಯಾಸ ಇನ್ಮೇಲೆ ನಡೆಯಲ್ಲ. ಇನ್ನೊಂದು, ವರ್ಷದ ಲೆಕ್ಕ ಎಲ್ಲಿಂದ ಶುರು ಅನ್ನೋದನ್ನ ಬಹಳ ಜನ ಯೋಚಿಸೋದೇ ಇಲ್ಲ. 1985ರಲ್ಲಿ ತೆರೆದ ನೌಕರನ ಫೈಲಿಗೆ ಲೆಕ್ಕ ಶುರುವಾಗೋದು ಅವರು ರಿಟೈರ್ ಆದ ದಿನದಿಂದ. ಆ ದಿನಾಂಕ ಸಾಫ್ಟ್‌ವೇರಿಗೆ ಯಾರು ಹೇಳ್ತಾರೆ, ಎಚ್‌ಆರ್ ವ್ಯವಸ್ಥೆಗೆ ಕೊಂಡಿ ಇದ್ಯಾ? ಕೋರ್ಟಲ್ಲಿ ಕೇಸಿದ್ರೆ ಕಡತ ಅಳಿಸೋದನ್ನ ನಿಲ್ಲಿಸೋರು ಯಾರು?

ಇನ್ನು ಸ್ಟೋರೇಜ್ ಬಗ್ಗೆ ಮೀಟಿಂಗುಗಳಲ್ಲಿ ತುಂಬಾ ಹೊತ್ತು ಕಳೀತಾರೆ. ಒಂದು ಕೋಟಿ ಪುಟ, ಪುಟಕ್ಕೆ 500 ಕೆಬಿ ಅಂದ್ರೂ 5 ಟಿಬಿ, ಅಷ್ಟೇ. ಖರ್ಚಿರೋದು ಇದು ಏನು, ಯಾರದ್ದು ಅಂತ ಹೆಸರು ಬರೆಯೋದ್ರಲ್ಲಿ. ಪುಟಕ್ಕೆ ಒಂದು ನಿಮಿಷ ಅಂದ್ರೆ ಸುಮಾರು 1,67,000 ಗಂಟೆ, ಎಂಬತ್ತಕ್ಕಿಂತ ಜಾಸ್ತಿ ಜನ ಒಂದು ವರ್ಷ ಪೂರ್ತಿ ಕೂರ್ಬೇಕು. ಅದೇ ಐವತ್ತು ಪುಟದ ಒಂದು ಫೈಲಿಗೆ ಐದು ನಿಮಿಷ ಅಂತ ಹಿಡಿದ್ರೆ ಎಂಟು ಜನ ವರ್ಷದಲ್ಲಿ ಮುಗಿಸ್ತಾರೆ. ಯಾವುದಕ್ಕೆ ಪುಟ ಪುಟದ ಹೆಸರು ಬೇಕು, ಯಾವುದಕ್ಕೆ ಫೈಲಿನ ಹೆಸರು ಸಾಕು, ಇದನ್ನ ಹೇಳೋಕೆ ಕನ್ಸಲ್ಟೆಂಟ್ ಕೈಲಾಗಲ್ಲ, ಇಪ್ಪತ್ತು ವರ್ಷ ರೆಕಾರ್ಡ್ ರೂಮಲ್ಲಿ ಕೂತು ಗಂಟು ಬಿಚ್ಚಿ ಕಟ್ಟಿರೋ ಆ ಅಮ್ಮನೋ ಯಜಮಾನ್ರೋ ಇರ್ತಾರಲ್ಲ, ಅವರಿಗೆ ಗೊತ್ತು. ಅವರು ರಿಟೈರ್ ಆಗೋ ಮುಂಚೆ ಕೂರಿಸಿ ಕೇಳಿ, ದಯವಿಟ್ಟು.

ನಂಗೆ ಅತಿ ಹೆಚ್ಚು ಹೊಟ್ಟೆ ಉರಿಯೋದು ಕನ್ನಡದ ವಿಷಯಕ್ಕೆ. ಎಲ್ಲಾ ಕಂಪ್ಯೂಟರಲ್ಲೂ ಒಂದೇ ಥರ ಓದೋಕಾಗೋ ಯೂನಿಕೋಡ್ ಅನ್ನೋ ಅಕ್ಷರ ಕೋಡು ಬಳಕೆಗೆ ಬರೋ ಮುಂಚೆ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಕಣ್ಣಿಗೆ ಮಾತ್ರ ಕನ್ನಡ, ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡು. ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ತೆರೆದ್ರೆ ಅರ್ಥ ಇಲ್ಲದ ಸಾಲುಗಳು. ಅದನ್ನ ಹಾಗೇ ಹೊಸ ವ್ಯವಸ್ಥೆಗೆ ತುಂಬಿದ್ರೆ "ಕೆರೆ ಒತ್ತುವರಿ" ಅಂತ ಹುಡುಕಿದಾಗ ಒಂದೂ ಸಿಗಲ್ಲ, ಸಿಗ್ಲಿಲ್ಲ ಅಂದ್ರೆ ಇಲ್ಲ ಅಂತಲೇ ಉತ್ತರ ಬರೆದು ಕಳಿಸ್ತಾರೆ. ಕಡತ ಅನ್ನೋ ಪದ ಇದ್ಯಲ್ಲ, ಅದು ಹಿಂದೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮಡಿಕೆ ಪುಸ್ತಕ, ಬಳಪದಲ್ಲಿ ಬರೀತಿದ್ರು. ಶೃಂಗೇರಿ ಮಠದ ಕಡತಗಳನ್ನ ಹಳೇ ಬರವಣಿಗೆ ಬಲ್ಲೋರು ಓದಿ ಇತಿಹಾಸ ಬರೆದಿದಾರೆ. ಇಪ್ಪತ್ತೇ ವರ್ಷದ ಹಿಂದೆ ಟೈಪ್ ಮಾಡಿದ ಆದೇಶಾನ ನಾವು ಓದೋಕಾಗ್ದೇ ಒದ್ದಾಡ್ತೀವಿ. ಹಳೇ ಫಾಂಟಿನ ಬರಹಾನ ಯೂನಿಕೋಡಿಗೆ ಬದಲಿಸೋ ಪರಿವರ್ತಕಗಳು ಇವೆ, ಆದ್ರೆ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಕೆಡತ್ತೆ, ಅದಕ್ಕೆ ಮೂಲ ಪ್ರತೀನೂ ಇಟ್ಟು, ಯೂನಿಕೋಡ್ ಪ್ರತಿ ಪಕ್ಕದಲ್ಲಿಟ್ಟು, ಕನ್ನಡ ಬಲ್ಲೋರಿಂದ ತಿದ್ದಿಸ್ಬೇಕು. ಈ ಖರ್ಚಿಗೆ ಬಜೆಟ್‌ನಲ್ಲಿ ಒಂದು ಸಾಲು ನಾನಂತೂ ಇನ್ನೂ ನೋಡಿಲ್ಲ. ಆದ್ರೆ ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಮು, ದಾಖಲೆಗಳನ್ನ ಪಟ್ಟಿ ಮಾಡಿ, ಸೂಚಿ ಮಾಡಿ ಇಡಿ ಅಂತ 2005ರಿಂದ ಹೇಳ್ತಾನೇ ಇದೆ.

ಗೆಳೆಯನಿಗೆ ಟೆಂಡರಲ್ಲಿ ಒಂದು ಷರತ್ತು ಸೇರಿಸು ಅಂದೆ. ವರ್ಷಕ್ಕೊಂದ್ಸಲ ವೆಂಡರ್ ಸಹಾಯ ಇಲ್ದೆ ನಿಮ್ಮೋರೇ ನೂರು ಕಡತ ಹೊರಗೆ ತೆಗೀಬೇಕು, ಪಿಡಿಎಫ್/ಎ (ಬಹುಕಾಲ ಉಳಿಸೋಕೆ ಅಂತಲೇ ಮಾಡಿದ ಪಿಡಿಎಫ್) ರೂಪದಲ್ಲಿ, ಹೆಸರು, ದಿನಾಂಕ, ಯಾರು ತಿದ್ದಿದ್ರು ಅನ್ನೋ ವಿವರದ ಸಮೇತ, ಆ ಸಾಫ್ಟ್‌ವೇರೇ ಇಲ್ಲದ ಬೇರೆ ಕಂಪ್ಯೂಟರಲ್ಲಿ ತೆರೆದು ಓದ್ಬೇಕು, ಆಗ್ದೇ ಇದ್ರೆ ಆ ವರ್ಷದ ಬಿಲ್ಲು ಪಾಸಾಗ್ಬಾರ್ದು. ವೆಂಡರ್‌ಗಳು ಒಪ್ತಾರಾ ಅಂದ. ಟೆಂಡರಲ್ಲೇ ಬರೆದಿದ್ರೆ ಒಪ್ತಾರೆ, ಕೆಲ್ಸ ಶುರುವಾದ್ಮೇಲೆ ಕೇಳಿದ್ರೆ ಒಪ್ಪಲ್ಲ ಅಂದೆ. ಡ್ರಾಫ್ಟ್ ಸೋಮವಾರ ಕಳಿಸ್ತೀನಿ ಅಂದಿದಾನೆ, ಕಾಯ್ತಿದೀನಿ.