ಕನ್ನಡಕ್ಕೆ ಐದು ಪಾಯಿಂಟ್

ನನಗೆ 33 ತುಂಬಿದ ದಿನ ಗೆಳೆಯರು ಕೇಕ್ ತಂದಿದ್ದರು. ನಾನು ಮೊಬೈಲ್ ಹಿಡಿದು ಲೆಕ್ಕ ಹಾಕುತ್ತಾ ಕೂತಿದ್ದೆ. ಆಸ್ಟ್ರೇಲಿಯಾದ ಸ್ಕಿಲ್ಡ್ ವೀಸಾಕ್ಕೆ 25ರಿಂದ 32ರೊಳಗೆ ವಯಸ್ಸಿದ್ದರೆ 30 ಪಾಯಿಂಟ್. 33 ಆಯಿತೋ, 25. ಹಿಂದಿನ ರಾತ್ರಿ 90 ಇದ್ದವನು ಬೆಳಗ್ಗೆ ಏಳುವಾಗ 85.

ಗೊತ್ತಿಲ್ಲದವರಿಗೆ ಹೇಳ್ತೀನಿ. 189 ಅಂತ ಒಂದು ವೀಸಾ ಇದೆ. ಯಾವ ಕಂಪನಿಯ ಹಂಗೂ ಇಲ್ಲ, ಸಿಕ್ಕರೆ ನೇರ ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ಇರೋ ಹಕ್ಕು. ಅದಕ್ಕೆ ಮುಂಚೆ ಸಂತೆಯಲ್ಲಿ ತೆಂಗಿನಕಾಯಿ ಆರಿಸಿದ ಹಾಗೆ ನಮ್ಮನ್ನು ತಟ್ಟಿ, ಅಲ್ಲಾಡಿಸಿ ನೋಡುತ್ತಾರೆ. ಡಿಗ್ರಿಗೆ 15. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ 8 ಬಂದರೆ 20. ಬೆಂಗಳೂರಿನಲ್ಲಿ ಎಂಟು ವರ್ಷ ಕೆಲಸ ಮಾಡಿದ್ದೆ. ಮೊದಲ ಎರಡು ವರ್ಷ ಲೆಕ್ಕಕ್ಕಿಲ್ಲ ಅಂತ ಹೊಡೆದು ಹಾಕಿ, ಉಳಿದ ಆರಕ್ಕೆ 10 ಕೊಟ್ಟರು. ಮೆಲ್ಬರ್ನ್‌ನಲ್ಲಿ ಎರಡು ವರ್ಷ ಓದಿದ್ದಕ್ಕೆ 5. ಮದುವೆಯಾಗದೆ ಇರುವುದಕ್ಕೆ 10. ಈ ಕೊನೆಯ ಲೆಕ್ಕ ಅಮ್ಮನಿಗೆ ಇನ್ನೂ ಹೇಳಿಲ್ಲ.

65 ಇದ್ದರೆ ಸಾಕು ಅನ್ನುವುದು ಕಾಗದದ ಮಾತು. ನನ್ನ ಹತ್ತಿರ ದುಡ್ಡು ತಗೊಂಡ ಏಜೆಂಟ್ ಕೂಡ ಅದನ್ನೇ ಹೇಳಿದ್ದರು, "ಗ್ಯಾರಂಟಿ ಸಾರ್" ಅಂತ. 65 ಅಂದರೆ ಕ್ಯೂನಲ್ಲಿ ನಿಲ್ಲೋಕೆ ಜಾಗ, ಅಷ್ಟೇ. ನಮ್ಮಂಥ ಐಟಿಯವರನ್ನು ಅರ್ಜಿ ಹಾಕಿ ಅಂತ ಕರೆಯುವುದು ಅದಕ್ಕಿಂತ ಎಷ್ಟೋ ಮೇಲಿನಿಂದ.

ಹೋದ ಐದನ್ನು ಎಲ್ಲಿಂದ ತರೋದು ಅಂತ ಹುಡುಕುವಾಗ ಸಿಕ್ಕಿದ್ದು ನಾಟಿ. ನಾಟಿ ಕೋಳಿಯ ನಾಟಿ ಅಲ್ಲ, ಇಲ್ಲಿನ ಅನುವಾದಕರ ಸಂಸ್ಥೆಯ ಹೆಸರೇ ಹಾಗೆ. ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ದಾಟಿಸೋ ಪರೀಕ್ಷೆ ಅವರದೊಂದಿದೆ, ಸಿಸಿಎಲ್ ಅಂತ. ಪಾಸಾದರೆ 5 ಪಾಯಿಂಟ್. ಭಾಷೆಗಳ ಪಟ್ಟಿಯನ್ನು ಕೆಳಗೆ ಎಳೆಯುತ್ತಾ ಹೋದೆ. ಕನ್ನಡ ಇತ್ತು.

ನಕ್ಕುಬಿಟ್ಟೆ. ಯಾಕೆ ಅಂತೀರಾ? ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಪ್ರಥಮ ಭಾಷೆ ಸಂಸ್ಕೃತ. 125ಕ್ಕೆ 121 ಬಂದಿತ್ತು. ಕನ್ನಡದಲ್ಲಿ ಅಷ್ಟು ಹಾಕಲ್ಲ ಅಂತ ಎಲ್ಲರೂ ಹೇಳಿದ್ದರು, ನಾನೂ ಹೂಂ ಅಂದಿದ್ದೆ. ಮಾರ್ಕ್ಸ್‌ಗೋಸ್ಕರ ಬಿಟ್ಟ ಭಾಷೆಯ ಹತ್ತಿರ ಮತ್ತೆ ಮಾರ್ಕ್ಸ್‌ಗೋಸ್ಕರವೇ ಹೋಗಿ ನಿಂತಿದ್ದೆ.

ಸುಲಭ ಅಂದುಕೊಂಡಿದ್ದೆ. ದಿನಾ ಮಾತಾಡೋ ಭಾಷೆ ಅಲ್ವಾ? ಎರಡು ಸಂಭಾಷಣೆ ಕೇಳಿಸುತ್ತಾರೆ. ಒಬ್ಬರದು ಇಂಗ್ಲಿಷ್, ಒಬ್ಬರದು ಕನ್ನಡ. ಒಂದು ಸಲಕ್ಕೆ ಹೆಚ್ಚೆಂದರೆ 35 ಪದ. ಟಣ್ ಅಂದ ಕೂಡಲೇ ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳಬೇಕು. ಒಟ್ಟು 90ಕ್ಕೆ 63 ಬರಬೇಕು, ಒಂದೊಂದರಲ್ಲೂ 45ಕ್ಕೆ 29 ಆದರೂ ಇರಬೇಕು. ಆಸ್ಪತ್ರೆ, ಕೋರ್ಟು, ಇನ್ಶೂರೆನ್ಸ್, ಬಾಡಿಗೆ ಮನೆ, ಏನು ಬೇಕಾದರೂ ಬರಬಹುದು.

ಮೊದಲ ದಿನದ ಅಭ್ಯಾಸದಲ್ಲೇ ಬಂಡವಾಳ ಬಯಲಾಯಿತು. ನನ್ನ ಬಾಯಿಂದ ಬಂದ ವಾಕ್ಯ ಇದು: "ನಿಮ್ಮ ಮೆಡಿಸಿನ್‌ಗೆ ಸೈಡ್ ಎಫೆಕ್ಟ್ಸ್ ಇದೆ, ಕಿಡ್ನಿ ಫಂಕ್ಷನ್ ಚೆಕ್ ಮಾಡಿಸಬೇಕು." 'ನಿಮ್ಮ', 'ಇದೆ', 'ಮಾಡಿಸಬೇಕು' ಬಿಟ್ಟರೆ ಕನ್ನಡ ಎಲ್ಲಿದೆ? ಡಾಕ್ಟರ್, ಬಸ್ಸು ಅಂದರೆ ಯಾರೂ ತಕರಾರು ತೆಗೆಯಲ್ಲ. ವಾಕ್ಯಕ್ಕೆ ವಾಕ್ಯವೇ ಹೀಗಿದ್ದರೆ ಮಾರ್ಕ್ಸ್ ಕಟ್.

ಅಪ್ಪನಿಗೆ ಫೋನ್ ಮಾಡಿದೆ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ತಿಪಟೂರಿನಲ್ಲಿದ್ದಾರೆ. ಅಲ್ಲಿ ನಾಲ್ಕು ಗಂಟೆ ಕಾಫಿ ಮುಗಿಯುವ ಹೊತ್ತಿಗೆ ಇಲ್ಲಿ ರಾತ್ರಿ ಎಂಟೂವರೆ. ಅವರು ಪೇಪರಿನಿಂದ ಇಂಗ್ಲಿಷ್ ವಾಕ್ಯ ಓದೋದು, ನಾನು ಕನ್ನಡದಲ್ಲಿ ಹೇಳೋದು. ಮಾರ್ಟ್‌ಗೇಜ್ ಬಂದಾಗ ತಡವರಿಸಿದೆ.

"ಅಡಮಾನ ಕಣೋ. ಮೂವತ್ತು ವರ್ಷ ಅದರಲ್ಲೇ ಅನ್ನ ತಿಂದಿದೀವಿ."

ಅಡಮಾನ, ಜಾಮೀನು, ಕಂತು, ಅಡ್ಡ ಪರಿಣಾಮ. ಒಂದೂ ಪಂಡಿತರ ಮಾತಲ್ಲ. ಸಾಲಕ್ಕೆ ಬಂದ ರೈತರು ಅಪ್ಪನ ಟೇಬಲ್ ಮುಂದೆ ನಿಂತು ದಿನಾ ಆಡುತ್ತಿದ್ದ ಮಾತುಗಳು, ಒಂದು ಅಡ್ಡ ಪರಿಣಾಮ ಬಿಟ್ಟು. ನನಗೆ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಬೇಕಾಯಿತು. ನಾಚಿಕೆ ಆಯಿತು, ಸುಳ್ಳು ಯಾಕೆ ಹೇಳಲಿ.

ಕನ್ನಡ ಕಲಿತರೆ ಏನು ಸಿಗುತ್ತೆ ಅಂತ ಕೇಳುವವರಿಗೆ "ನೋಡಿ, ಆಸ್ಟ್ರೇಲಿಯಾ ಪಾಯಿಂಟ್ ಕೊಡುತ್ತೆ" ಅಂತ ಎದೆ ತಟ್ಟಿಕೊಳ್ಳುವ ಪೋಸ್ಟ್ ಹಾಕಬಹುದಿತ್ತು. ನನಗೆ ಮನಸ್ಸು ಬರಲ್ಲ. ಇಲ್ಲಿಗೆ ಬಂದ ಅಜ್ಜಿಯೊಬ್ಬರು ಆಸ್ಪತ್ರೆಗೆ ಹೋದರೆ ಅವರ ಮಾತು ದಾಟಿಸುವವರು ಬೇಕು ಅಂತ ಈ ದೇಶಕ್ಕೆ ಹೊಳೆದಿದೆ, ಅದು ದೊಡ್ಡದು. ಆದರೆ ನಾನು ಕನ್ನಡ ತಿದ್ದಿಕೊಂಡಿದ್ದು ಕರ್ನಾಟಕ ಬಿಟ್ಟು ಬರೋಕೆ. ಅದರಲ್ಲಿ ಜಂಬ ಪಡೋದು ಏನಿದೆ?

74 ಬಂತು. ಇಒಐ, ಅಂದರೆ ವೀಸಾ ಕ್ಯೂನಲ್ಲಿ ನಿಲ್ಲೋಕೆ ಕೊಟ್ಟ ಆಸಕ್ತಿ ಪತ್ರ, ಅಪ್‌ಡೇಟ್ ಮಾಡಿ ಮತ್ತೆ 90ಕ್ಕೆ ಏರಿದೆ. ಕರೆ ಇನ್ನೂ ಬಂದಿಲ್ಲ. ಬಂದರೆ ಅರ್ಜಿ ಫೀಸೇ ನಾಲ್ಕೂವರೆ ಸಾವಿರ ಡಾಲರಿಗಿಂತ ಜಾಸ್ತಿ, ಅದನ್ನೂ ಕೂಡಿಡುತ್ತಿದ್ದೇನೆ.

ಅಪ್ಪನಿಗೆ ರಿಸಲ್ಟ್ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆವತ್ತು ಸಂಸ್ಕೃತದ ಫಾರಂಗೆ ಸೈನ್ ಹಾಕಿದ್ದು ನಾನೇ ಅಲ್ವಾ" ಅಂದರು. ನಾನು ಏನೂ ಹೇಳಲಿಲ್ಲ.

ಮಾರನೇ ದಿನ ಎಂಟೂವರೆಗೆ ಫೋನ್ ಬಂತು. "ತಗೋ, ಇವತ್ತು ಕೊಬ್ಬರಿ ರೇಟಿನ ಸುದ್ದಿ ಇದೆ" ಅಂತ ಓದೋಕೆ ಶುರು ಮಾಡಿದರು. ಪರೀಕ್ಷೆ ಮುಗೀತು ಅಪ್ಪ ಅಂತ ನಾನೂ ನೆನಪಿಸಲಿಲ್ಲ.