ಕಾಯಿಸಿ, ಆರಿಸಿ, ಕರ ಕಟ್ಟಿ

ರಾಯಚೂರಿನ ನೀರು ಶುದ್ಧೀಕರಣ ಘಟಕ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಊರ ಹೊರಗೆ ಕೈ ತೋರಿಸಬೇಡಿ. ಸೀದಾ ಅಡುಗೆಮನೆಗೆ ಕರೆದುಕೊಂಡು ಹೋಗಿ. ಎರಡು ಬರ್ನರ್, ಒಂದು ದೊಡ್ಡ ಪಾತ್ರೆ, ಒಂದು ಸೋಸುವ ಬಟ್ಟೆ. ಎಲ್ಲ ಪಾಳಿಗೂ ಒಬ್ಬರೇ ಸಿಬ್ಬಂದಿ. ಸಂಬಳ ಇಲ್ಲ, ರಜೆಯೂ ಇಲ್ಲ. ಉದ್ಘಾಟನೆಗೆ ಯಾರೂ ಬಂದಿರಲಿಲ್ಲ, ಅದಕ್ಕೇ ಇರಬೇಕು, ಈ ಘಟಕ ಮಾತ್ರ ದಿನಾ ಕೆಲಸ ಮಾಡುತ್ತದೆ.

ಘಟಕಕ್ಕೆ ಸರ್ಕಾರಿ ಆದೇಶ ಆಟೋದಲ್ಲಿ ಬರುತ್ತದೆ. ಆಟೋದ ಮೇಲೆ ಮೈಕು. "ಸಾರ್ವಜನಿಕರಲ್ಲಿ ವಿನಂತಿ. ನೀರನ್ನು ಕಾಯಿಸಿ, ಆರಿಸಿ, ಸೋಸಿ ಕುಡಿಯತಕ್ಕದ್ದು." ನಳ ಬರುವುದು ನಸುಕಿನಲ್ಲಿ. ಆಟೋ ಬರುವುದು ಹನ್ನೊಂದು ಗಂಟೆಗೆ, ಸಾರ್ವಜನಿಕರು ಎರಡು ಚೊಂಬು ಕುಡಿದು ಕೆಲಸಕ್ಕೆ ಹೋದ ಮೇಲೆ. ಇಡೀ ವಿನಂತಿಯಲ್ಲಿ ನೀರಿಗೆ ಏನಾಗಿದೆ, ಯಾವ ಓಣಿಯಲ್ಲಿ ಪೈಪ್ ಒಡೆದಿದೆ, ಎಂದು ಸರಿ ಆಗುತ್ತದೆ ಎನ್ನುವ ಒಂದು ಮಾತೂ ಇಲ್ಲ. ಕೇಳಿದವರಿಗೆ ತಪ್ಪು ತಮ್ಮದೇ ಅನ್ನಿಸಬೇಕು, ಹಾಗಿದೆ ಧಾಟಿ.

2022ರ ಮೇ ಕೊನೆಯಲ್ಲಿ ಇದೇ ಊರಿನಲ್ಲಿ ನಳದ ನೀರು ಕುಡಿದು ಓಣಿ ಓಣಿಯ ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ವಾಪಸ್ ಬರಲಿಲ್ಲ. ಅದರ ಬಗ್ಗೆ ನಗೆಯಾಡುವುದಕ್ಕೆ ನನಗೆ ಬರುವುದಿಲ್ಲ. ಆಮೇಲೆ ನಡೆದದ್ದು ಎಲ್ಲ ಊರಲ್ಲೂ ನಡೆಯುವಂಥದ್ದೇ. ಭೇಟಿ, ಸಭೆ, ತನಿಖೆ, ಪರಿಹಾರ, ಮತ್ತೆ ಆಟೋ.

ತಮಾಷೆ ಏನೆಂದರೆ, ನೀರಿಲ್ಲದ ಸೀಮೆ ಅಲ್ಲ ಇದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಯ ನಡುವಿನ ಈ ನೆಲಕ್ಕಾಗಿ ವಿಜಯನಗರದವರು, ಬಹಮನಿಯವರು, ಆಮೇಲೆ ಬಿಜಾಪುರದವರು ತಲೆಮಾರುಗಟ್ಟಲೆ ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ. ಈಗ ಅದೇ ಕೋಟೆ ಊರಿನಲ್ಲಿ ಯುದ್ಧ ನಡೆಯುವುದು ಟ್ಯಾಂಕರ್ ಮುಂದೆ, ಕೊಡ ಹಿಡಿದುಕೊಂಡು.

ಇನ್ನು ಕಾಯಿಸುವ ವಿದ್ಯೆ. ಅದರಲ್ಲಿ ನಮ್ಮ ಜಿಲ್ಲೆಯನ್ನು ಮೀರಿಸುವವರು ಕಡಿಮೆ. ಶಕ್ತಿನಗರದಲ್ಲಿ ಕೃಷ್ಣೆಯ ನೀರನ್ನೇ ಕಾಯಿಸಿ, ಆವಿ ಮಾಡಿ, ಟರ್ಬೈನ್ ತಿರುಗಿಸಿ ರಾಜ್ಯಕ್ಕೆಲ್ಲ ಕರೆಂಟು ಕೊಡುತ್ತೇವೆ. ಆದರೆ ಅಲ್ಲಿನ ಬಾಯ್ಲರ್‌ಗೆ ಹೊಳೆಯ ನೀರನ್ನು ಸುಮ್ನೆ ಎತ್ತಿ ಹಾಕುವಂತಿಲ್ಲ. ಕೆಸರು ತೆಗೆಯಬೇಕು, ಲವಣ ತೆಗೆಯಬೇಕು, ಪರೀಕ್ಷೆ ಮಾಡುತ್ತಲೇ ಇರಬೇಕು. ಇಲ್ಲದಿದ್ದರೆ ಕೊಳವೆಗೆ ಚಕ್ಕೆ ಕಟ್ಟುತ್ತದೆ, ಟರ್ಬೈನ್ ಹಾಳಾಗುತ್ತದೆ. ನೋಡಿ, ಒಂದೇ ಹೊಳೆ, ಒಂದೇ ಜಿಲ್ಲೆ. ಯಂತ್ರ ಕುಡಿಯುವ ನೀರಿಗೆ ಪ್ರತ್ಯೇಕ ಘಟಕ, ಪ್ರತ್ಯೇಕ ಲ್ಯಾಬು. ಟರ್ಬೈನ್‌ಗೆ ಹೊಟ್ಟೆ ಕೆಟ್ಟರೆ ಅದೇ ದಿನ ಇಂಜಿನಿಯರುಗಳು ಓಡಿ ಬರುತ್ತಾರೆ. ನಮಗೆ ಕೆಟ್ಟರೆ ಒಂದು ಓಆರ್‌ಎಸ್ ಪಾಕೀಟು. ಮುಂದಿನ ಜನ್ಮ ಅಂತ ಇದ್ದರೆ ಬಾಯ್ಲರ್ ಆಗಿ ಹುಟ್ಟಬೇಕು ಅನ್ನಿಸುತ್ತದೆ, ಅಲ್ವಾ?

"ಘಟಕದಿಂದ ಹೊರಡುವಾಗ ನಮ್ಮ ನೀರು ಶುದ್ಧವಾಗೇ ಇರ್ತದ ರೀ" ಅಂತ ಕಚೇರಿಯವರು ಹೇಳುತ್ತಾರೆ. ಇದ್ದರೂ ಇರಬಹುದು. ಆದರೆ ನಾವು ಕುಡಿಯುವುದು ಘಟಕದ ಬಾಗಿಲಲ್ಲಿ ಅಲ್ಲವಲ್ಲ. ನೀರು ದಿನವಿಡೀ ಬರುವ ಊರಿನಲ್ಲಿ ಪೈಪಿನ ಒಳಗೆ ಒತ್ತಡ ಇರುತ್ತದೆ. ಬಿರುಕು ಇದ್ದರೆ ನೀರು ಹೊರಗೆ ಸೋರುತ್ತದೆ, ಅಷ್ಟೇ. ಮೂರು ದಿನಕ್ಕೊಮ್ಮೆ ಎರಡು ತಾಸು ಬಿಡುವ ಊರಿನಲ್ಲಿ ಉಳಿದ ಹೊತ್ತೆಲ್ಲ ಪೈಪು ಖಾಲಿ. ಆಗ ಹೊರಗಿನದು ಒಳಗೆ ಇಳಿಯುತ್ತದೆ. ಹೊರಗೆ ಇರುವುದೇನು? ಗಟಾರ. ಪೈಪನ್ನು ಗಟಾರದ ಪಕ್ಕದಲ್ಲೇ, ಕೆಲವು ಕಡೆ ಗಟಾರದ ಒಳಗೇ ಹಾಯಿಸಿರುತ್ತಾರೆ. ಅಗೆಯುವ ಖರ್ಚು ಉಳಿಯಲಿ ಅಂತ. ಇದರ ಮೇಲೆ ನಾವೂ ಪುಣ್ಯ ಕಟ್ಟಿಕೊಳ್ಳುತ್ತೇವೆ. ನೀರು ಬಂದ ಕೂಡಲೇ ನಳಕ್ಕೆ ಮೋಟಾರ್ ಹಚ್ಚಿ ಎಳೆಯುತ್ತೇವೆ. ಮೋಟಾರ್‌ಗೆ ಕೃಷ್ಣೆ ಯಾವುದು, ಗಟಾರ ಯಾವುದು ಗೊತ್ತಾಗುವುದಿಲ್ಲ. ಸಿಕ್ಕಿದ್ದನ್ನು ಎಳೆಯುತ್ತದೆ. ಮೊದಲು ಬಂದ ನೀರನ್ನು ಸ್ವಲ್ಪ ಹೊತ್ತು ಬಚ್ಚಲಿಗೆ ಬಿಡಿ ಅಂದರೆ, ಓಣಿಯಲ್ಲಿ ಹುಚ್ಚರನ್ನು ನೋಡಿದ ಹಾಗೆ ನೋಡುತ್ತಾರೆ.

ಬಾಟಲಿಯಲ್ಲಿ ಮಾದರಿ ತುಂಬಿಕೊಂಡು ದೂರು ಕೊಡಲು ಹೋದವರ ಕಥೆ ಕೇಳಬೇಕು. ನೀರು ಕೆಂಪಗಿದ್ದರೆ "ಹೊಳಿಗೆ ಹೊಸ ನೀರು ಬಂದದ ಅಕ್ಕಾ" ಅನ್ನುತ್ತಾರೆ. ಬೇಸಿಗೆ ಆದರೆ "ಕೆರಿ ತಳ ಹತ್ಯಾದ". ಹಸಿರಾಗಿದ್ದರೆ ಪಾಚಿ. ಚಳಿಗಾಲಕ್ಕೆ ಪೈಪ್ ಕಾಮಗಾರಿ. ತಿಳಿಯಾಗಿದ್ದರೆ ಕೆಲಸ ಇನ್ನೂ ಸಲೀಸು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು "ಫಸ್ಟ್ ಕ್ಲಾಸ್ ಅದ ಅಲ್ರೀ" ಅಂತ ವಾಪಸ್ ಕೊಡುತ್ತಾರೆ. ಕಾಲರಾ ಕ್ರಿಮಿ ಕಿಟಕಿಯ ಬೆಳಕಿನಲ್ಲಿ ಕೈ ಬೀಸುತ್ತದೆ ಅಂತ ಅವರ ನಂಬಿಕೆ. ನಿಜವಾದ ಪರೀಕ್ಷೆಗೆ ಕ್ರಿಮಿ ಬೆಳೆಯಲು ಕನಿಷ್ಠ ಒಂದು ಹಗಲು ರಾತ್ರಿ ಬೇಕು. 100 ಮಿಲಿ ನೀರಿನಲ್ಲಿ ಇ-ಕೋಲಿ, ಅಂದರೆ ಮಲ ಬೆರೆತಿದೆ ಅಂತ ತೋರಿಸುವ ಕ್ರಿಮಿ, ಒಂದೂ ಸಿಗಬಾರದು, ನಮ್ಮ ದೇಶದ ಮಾನದಂಡವೇ ಹಾಗಿದೆ. ನಳದ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು. ಇದನ್ನು ನೋಡಲು ಲ್ಯಾಬೂ ಬೇಡ, ಎರಡು ಹನಿ ದ್ರಾವಣ ಹಾಕಿ ಬಣ್ಣ ನೋಡಿದರೆ ಐದು ನಿಮಿಷದ ಕೆಲಸ. ಐದು ನಿಮಿಷ ಎಲ್ಲಿಂದ ತರಬೇಕು ಪಾಪ, ಸಭೆ ಇರುತ್ತದೆ.

ಸಭೆಯ ಮೇಜಿನ ಮೇಲೆ ಇಟ್ಟ ಬಾಟಲಿ ನೀರಿನ ಜೋಕನ್ನು ಎಲ್ಲರೂ ಮಾಡಿಯಾಗಿದೆ, ನಾನು ಬಿಡುತ್ತೇನೆ.

ಈ ಸಂಕಟದ ವಾಸನೆ ಹಿಡಿದು ಫಿಲ್ಟರ್ ಮಾರುವವನು ಬರುತ್ತಾನೆ. ಎರಡು ಗ್ಲಾಸ್ ಇಡುತ್ತಾನೆ, ಒಂದರಲ್ಲಿ ನಳದ ನೀರು, ಇನ್ನೊಂದರಲ್ಲಿ ಅವನ ನೀರು. ಕರೆಂಟಿನ ಕಡ್ಡಿ ಅದ್ದಿದ ಕೂಡಲೇ ನಳದ ನೀರು ಕಂದು ಬಣ್ಣಕ್ಕೆ ತಿರುಗಿ ನೊರೆ ಬರುತ್ತದೆ. ಮನೆಯವರೆಲ್ಲ ಅಯ್ಯೋ ಅನ್ನುತ್ತಾರೆ. ಅಸಲಿಗೆ ಆ ಕೆಸರು ಬಿಟ್ಟದ್ದು ಅವನ ಕಬ್ಬಿಣದ ಕಡ್ಡಿಯೇ. ಲವಣ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಡ್ಡಿ ಕರಗುತ್ತದೆ. ಆಮೇಲೆ ಟಿಡಿಎಸ್ ಮೀಟರ್ ತೆಗೆಯುತ್ತಾನೆ. ಅದು ಎಣಿಸುವುದು ಕರಗಿದ ಲವಣ ಮಾತ್ರ, ಕ್ರಿಮಿ ಅಲ್ಲ. ಟಿಡಿಎಸ್ ಚೆನ್ನಾಗಿರುವ ನೀರಿನಲ್ಲೂ ವಾಂತಿಭೇದಿ ಆರಾಮಾಗಿ ಬದುಕುತ್ತದೆ.

ಇಷ್ಟೆಲ್ಲ ಹೇಳಿದರೂ, ನಳದ ನೀರಿನ ಮೇಲೆ ಅನುಮಾನ ಬಂದ ದಿನ ಕಾಯಿಸಲೇಬೇಕು. ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿಯಬೇಕು, ಕುದಿ ಬಂದ ಮೇಲೂ ಒಂದು ನಿಮಿಷ ಬಿಡಬೇಕು. ಕೆಸರಿದ್ದರೆ ಮೊದಲು ಸೋಸಬೇಕು. ಕ್ಲೋರಿನ್ ಮಾತ್ರೆ ಹಾಕುವುದಾದರೂ ಸೋಸಿಯೇ ಹಾಕಬೇಕು, ಇಲ್ಲದಿದ್ದರೆ ಮಾತ್ರೆಯ ಶಕ್ತಿ ಕೆಸರಿಗೇ ಖರ್ಚಾಗುತ್ತದೆ. ಹಾಕಿ ಅರ್ಧ ತಾಸು ಕಾಯಬೇಕು. ಆರಿದ ನೀರನ್ನು ತೊಳೆಯದ ಕ್ಯಾನಿಗೆ ಸುರಿದು, ಅದರಲ್ಲಿ ಕೈ ಅದ್ದಿ ಚೊಂಬು ತುಂಬಿದರೆ ಸುಟ್ಟ ಗ್ಯಾಸೆಲ್ಲ ದಂಡ. ಹಲ್ಲುಜ್ಜುವುದಕ್ಕೂ ಅದೇ ನೀರು, ಮಗುವಿನ ಹಾಲಿಗೂ ಅದೇ, ಮನೆಯಲ್ಲಿ ಐಸ್ ಮಾಡಿದರೆ ಅದಕ್ಕೂ ಅದೇ.

ಆದರೆ ಆಟೋದ ಮೈಕಿಗೆ ಎಲ್ಲ ಕಾಯಿಲೆಗೂ ಒಂದೇ ಔಷಧ. ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಚಿನ್ನದ ಅದಿರು ಇರುವ ಹಟ್ಟಿ ಕಡೆಯ ಕೆಲವು ಊರುಗಳಲ್ಲಿ ಆರ್ಸೆನಿಕ್ ಸಿಕ್ಕಿದೆ. ಅಲ್ಲಿಯೂ "ಕಾಯಿಸಿ ಆರಿಸಿ" ಎಂದೇ ಗೋಡೆ ಬರಹ. ಫ್ಲೋರೈಡು, ಆರ್ಸೆನಿಕ್ಕು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ವಿಷ ಪಾತ್ರೆಯಲ್ಲೇ ಕೂತು ಇನ್ನಷ್ಟು ಗಟ್ಟಿಯಾಗುತ್ತದೆ. ಅವರಿಗೆ ಬೇಕಾದದ್ದು ಬೇರೆ ಮೂಲದ ನೀರು, ಇಲ್ಲವೇ ನಡೆಯುವ ಆರ್‌ಒ ಘಟಕ. ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕುವ ತೂತೂ ಇದೆ. ಬೀಗವೂ ಇದೆ.

ಖರ್ಚಿನ ಮಾತಿಗೆ ಬರೋಣ. 20 ಲೀಟರ್ ನೀರು ಕುದಿಸಲು ಸುಮಾರು 200 ಗ್ರಾಂ ಗ್ಯಾಸ್ ಬೇಕು. ದಿನಾ ಅಷ್ಟು ಕಾಯಿಸಿದರೆ 14.2 ಕಿಲೋ ಸಿಲಿಂಡರು ಎರಡು ತಿಂಗಳು ಚಿಲ್ಲರೆಗೆ ನೀರಿನಲ್ಲೇ ಮುಗಿಯಿತು. ರೊಟ್ಟಿ ಬೇರೆ ಲೆಕ್ಕ. ಹಾಗಾಗಿ ಪ್ರತಿ ಮನೆಯವರೂ ಕಚೇರಿಗೆ ಒಂದು ಬಿಲ್ ಕಳಿಸಬೇಕು ಅಂತ ನನ್ನ ಸಲಹೆ: ಗ್ಯಾಸು, ಸೋಸುವ ಬಟ್ಟೆ, ಪಾತ್ರೆಯ ಸವಕಲು, ಪಾಳಿಯಲ್ಲಿ ನಿಂತವರ ಕೂಲಿ, ಆಸ್ಪತ್ರೆಯ ಚೀಟಿ. ಒಟ್ಟು ಮೊತ್ತವನ್ನು ನೀರಿನ ಕರದಲ್ಲಿ ಮುರಿದುಕೊಳ್ಳಿ ಅಂತ ಕೆಳಗೆ ಸಹಿ.

ಕಳಿಸಿದರೆ ಏನಾಗುತ್ತದೆ ಎಂದು ಈಗಲೇ ಹೇಳುತ್ತೇನೆ. ಮೊದಲು ಹಳೇ ಕರದ ಬಾಕಿ ತೀರಿಸಿ ಬನ್ನಿ ಅನ್ನುತ್ತಾರೆ. ಆಮೇಲೆ ಬಿಲ್ಲು ನಿಗದಿತ ನಮೂನೆಯಲ್ಲಿ ಇಲ್ಲ ಅನ್ನುತ್ತಾರೆ. ಮೂರು ಪ್ರತಿ ಬೇಕಾಗುತ್ತದೆ. ಎಲ್ಲ ಸರಿಯಾದ ಮೇಲೆ ಗುಮಾಸ್ತರು ಕನ್ನಡಕ ಏರಿಸಿ ಕೊನೆಯ ಕಾಗದ ಕೇಳುತ್ತಾರೆ.

"ನೀರು ಕೆಟ್ಟಿತ್ತು ಅಂತ ಸರ್ಟಿಫಿಕೇಟ್ ಎಲ್ಲದ ರೀ?"

"ಅದನ್ನ ಯಾರು ಕೊಡ್ತಾರ ಸರ್?"

"ನಾವೇ. ಆದ್ರ ನಮ್ಮ ನೀರು ಶುದ್ಧ ಅದ ಅಲ್ರೀ, ಹೆಂಗ ಕೊಡಾಕ ಬರ್ತದ?"